ಗಟ್ಟಿ ಬೂಟಿಗೆ ಅತ್ತೆಯ ಕಾಲುಚೀಲ

ಆಸ್ಟ್ರಿಯಾದ ಬೆಟ್ಟದೂರಿನ ಬಸ್ ಚಾಲಕ ಕೊರ್ಬಿನಿಯನ್ ಐವತ್ತರ ಹೊಸ್ತಿಲಲ್ಲಿ ಮೆತ್ತನೆಯ ಬೂಟು ಬಿಟ್ಟು, ಹಿಮದ ಮೇಲೆ ಜಾರುವ ಹಲಗೆ ಸ್ನೋಬೋರ್ಡಿಗೆ ಗಟ್ಟಿ ಪ್ಲಾಸ್ಟಿಕ್ ಬೂಟು ಕೊಂಡ. ಭಾನುವಾರದ ಜೋಡಿ ಪಂದ್ಯದಲ್ಲಿ ಹೆಂಡತಿ ವಾಲ್ಬುರ್ಗಾಳೊಡನೆ ಇಳಿಯುವ ಆಸೆ. ಆಗದಿದ್ದರೆ ಆ ಜಾಗ ಅವಳ ತಮ್ಮನದು. ಅತ್ತೆಗೆ ಬೇಜಾರಾದೀತೆಂದು, ಅವರು ಹೆಣೆದ ದಪ್ಪ ಉಣ್ಣೆಯ ಕಾಲುಚೀಲ ತೊಟ್ಟು, ಬೂಟಿನ ಕೊಕ್ಕೆಗಳನ್ನೆಲ್ಲ ಬಿಗಿದು ಅಭ್ಯಾಸಕ್ಕೆ ಇಳಿದ. ಎರಡೇ ತಿರುವಿಗೆ ಪಾದ ಜೋಮು ಹಿಡಿದು, ಹಿಮದಲ್ಲಿ ಕುಳಿತ.

“ಏನು ಡ್ರೈವರ್ ಸಾಹೇಬ್ರೆ, ಇಲ್ಲೂ ಸ್ಟಾಪ್ ಇದ್ಯಾ?” ಎಂದಳು ವಾಲ್ಬುರ್ಗಾ.

“ಕಾಲೇ ಇಲ್ಲ ಅನ್ಸುತ್ತೆ ಕಣೆ.”

“ಅದು ಅಮ್ಮ ಕೊಟ್ಟಿಗೆ ಕೆಲಸಕ್ಕೆ ಅಂತ ಹೆಣೆದಿದ್ದು, ಮಾರಾಯ. ಈ ತೆಳು ಕಾಲುಚೀಲ ಹಾಕ್ಕೋ. ಪಾದದ ಮೇಲಿನ ಕೊಕ್ಕೆ ಸಡಿಲ ಬಿಡು, ಹಿಂದಿನ ಕಾಲಿನ ಬೂಟು ಸ್ವಲ್ಪ ಮುಂದಕ್ಕೆ ಬಾಗಿಸು.”

ಅವನು ಹಾಗೇ ಮಾಡಿ ಹೊರಟ. ಈ ಸಲ ಹಲಗೆಯ ಅಂಚು ಹಿಮವನ್ನು ಕಚ್ಚಿ ಹಿಡಿಯಿತು. ಕೆಳಗಿನವರೆಗೂ ಅವನು ಬೀಳಲಿಲ್ಲ.

“ಭಾನುವಾರ ನೀನೇ ಬಾ,” ಎಂದಳು. “ನನ್ನ ತಮ್ಮ ಪಂದ್ಯ ನೋಡೋಕೆ ಬಂದೋರಿಗೆ ಸಾಸೇಜು ಸುಡ್ಲಿ.”