ಸಪ್ಪಕ್ಕನ ಅಡುಗೆ

ಮಕ್ಕಳ ಪಾಲನಾ ಕೇಂದ್ರದ ಅಡುಗೆಯವಳಿಗೆ ಅಲ್ಲಿನ ಆಯಾಗಳು ಇಟ್ಟ ಹೆಸರು ಸಪ್ಪಕ್ಕ. ಹೆಸರಿಟ್ಟವರ ನಾಲಿಗೆಗೇ ಉಪ್ಪು, ಖಾರ ಜಾಸ್ತಿ. ಎಳೆ ಮಗುವಿನ ಹೊಟ್ಟೆಯೇನು ಕಾರ್ಖಾನೆಯ ಬಾಯ್ಲರೇ? ಅವಳು ಬೇಳೆಯಲ್ಲಿ ಕುಂಬಳಕಾಯಿ ಕರಗಿಸುವಳು, ಬೇಯಿಸಿದ ಸೊಪ್ಪನ್ನು ಅನ್ನದಲ್ಲಿ ಕಲೆಸುವಳು, ಮೊಟ್ಟೆಯನ್ನು ಪುಡಿ ಮಾಡಿ ಮೇಲೆ ಉದುರಿಸುವಳು. ಉಪ್ಪು ಒಂದು ಚಿಟಿಕೆ, ಖಾರದ ಮಾತೇ ಇಲ್ಲ, ಸಕ್ಕರೆ ಡಬ್ಬಿ ಅಟ್ಟದ ಮೇಲೆ. ಮೊದಮೊದಲು ಥೂ ಎಂದು ಉಗುಳಿದ ಮಕ್ಕಳೇ ಆಮೇಲೆ ತಟ್ಟೆ ನೆಕ್ಕಿದರು. ನೆಕ್ಕಿ, ಬೆಳೆದು, ಶಾಲೆ ಸೇರಿ ಅವಳನ್ನು ಮರೆತರು. ಬೀದಿಯಲ್ಲಿ ಎದುರಾದರೂ ಒಬ್ಬರೂ ಗುರುತು ಹಿಡಿಯುತ್ತಿರಲಿಲ್ಲ. ಅದು ಅವಳಿಗೆ ನೋಯುತ್ತಿತ್ತು.

ಮಿಕ್ಕಿದ್ದನ್ನೇ ಡಬ್ಬಿಗೆ ಹಾಕಿಕೊಂಡು ಬಂದು ಕೋಣೆಯಲ್ಲಿ ಒಬ್ಬಳೇ ಉಣ್ಣುವಳು. ಗಂಡ ಹೋದ ಮೇಲೆ ತನಗೊಬ್ಬಳಿಗೆ ಒಲೆ ಹಚ್ಚುವ ಮನಸ್ಸೇ ಬಂದಿರಲಿಲ್ಲ.

ಅಂಥವಳಿಗೆ ಅಣ್ಣ ಹೇಳಿ ಕಳಿಸಿದ, ಭಾನುವಾರ ಊಟಕ್ಕೆ ಬರುತ್ತೇನೆಂದು. ತಾಯಿ ತೀರಿಕೊಂಡಾಗ ಮಾತಿಗೆ ಮಾತು ಬೆಳೆದು, ಅವಳ ಹೊಸಿಲು ತುಳಿಯುವುದನ್ನೇ ಬಿಟ್ಟಿದ್ದ ಮನುಷ್ಯ. ಖಾರ ಕಮ್ಮಿಯಾದರೆ ತಟ್ಟೆ ತಳ್ಳಿ ಏಳುವವನು. ಈ ಊಟ ಕೆಟ್ಟರೆ ಮತ್ತೆ ಬರಲಾರ ಎಂದು ಅವಳಿಗೆ ದಿಗಿಲು ಹತ್ತಿತು.

ಮೆಣಸಿನಪುಡಿ ತಂದಳು. ಹಾಕಿದರೆ ಬೇಳೆ ಬೆಂಕಿಯಾಯಿತು. ಅದನ್ನು ಚೆಲ್ಲಿ ಮತ್ತೆ ಬೇಯಿಸಿದರೆ ಪುಡಿ ಮುಟ್ಟಲು ಕೈ ಬರಲಿಲ್ಲ. ದೊಡ್ಡವರ ಅಡುಗೆಯ ಅಂದಾಜೇ ತಪ್ಪಿಹೋಗಿತ್ತು. ಕೊನೆಗೆ ಮಕ್ಕಳ ಅಡುಗೆಯನ್ನೇ ಬಡಿಸಿ, ಉಪ್ಪು, ಖಾರ ಪಕ್ಕದಲ್ಲಿಟ್ಟಳು.

"ಸಪ್ಪೆ ಆಗಿದೆ ಅಣ್ಣ. ಬೇಕಾದಷ್ಟು ಹಾಕ್ಕೋ."

ಅಣ್ಣ ಉಪ್ಪು, ಖಾರ ಎರಡನ್ನೂ ಮುಟ್ಟಲಿಲ್ಲ. "ನೀನೂ ತಟ್ಟೆ ಹಾಕ್ಕೊಂಡು ಕೂತ್ಕೋ" ಎಂದ. ಇಬ್ಬರೂ ಉಂಡರು. ಅವನು ಕೇಳಿ ಕೇಳಿ ಹಾಕಿಸಿಕೊಂಡ.

"ನನ್ನ ಸಮಾಧಾನಕ್ಕೆ ತಿನ್ಬೇಡ ಅಣ್ಣ" ಎಂದಳು.

"ಸಮಾಧಾನಕ್ಕಲ್ಲ ಕಣೇ. ಡಾಕ್ಟ್ರು ಉಪ್ಪು, ಖಾರ ಎರಡೂ ಬಿಡಿಸಿ ವರ್ಷ ಆಯ್ತು. ಮನೇಲಿ ನಂಗೆ ಅಂತಾನೇ ಬೇರೆ ಚಿಕ್ಕ ಪಾತ್ರೆ. ಎಲ್ರೂ ಒಟ್ಟಿಗೇ ಕೂತ್ಕೋತೀವಿ. ಆದ್ರೆ ನನ್ನ ಅಡುಗೆ ಯಾರೂ ಬಾಯಿಗಿಡಲ್ಲ." ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದುಕೊಂಡ. "ಇವತ್ತು ನೀನು ಉಂಡೆ."

ಇಷ್ಟು ವರ್ಷ ಒಬ್ಬಳೇ ಉಂಡವಳಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹೆದರಿ ಹೆದರಿ ಕೇಳಿದಳು: "ಮುಂದಿನ ಭಾನುವಾರನೂ ಬರ್ತೀಯಾ?"

"ಅಲ್ಲಿ ತನಕ ಏನು ಉಪವಾಸ ಇರ್ಲಾ?" ಎಂದ ಅಣ್ಣ.