ಹನ್ನೊಂದನೆಯ ನಂಬರಿನ ಅಂಗಿ

ದೊಡ್ಡಬೈರಪ್ಪನಂಥ ಮೊಂಡ ಚಾಮರಾಜಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ. ಮೊಂಡತನವನ್ನೇ ಅವನು ಶಿಸ್ತು ಎಂದುಕೊಂಡಿದ್ದ. ತಾನು ಮಾಡಿದ್ದು ತಪ್ಪು ಎಂದು ಅವನು ಒಪ್ಪಿಕೊಂಡದ್ದನ್ನು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ಹನುಮಕ್ಕ ಒಂದು ಸಲವೂ ಕಂಡಿರಲಿಲ್ಲ.

ಹಗಲೆಲ್ಲ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗ್ಗೆ, ಸಂಜೆ ಪೇಟೆಯ ಹುಡುಗರ ಫುಟ್‌ಬಾಲ್ ತಂಡಕ್ಕೆ ಗುರು. ಆಟಗಾರರನ್ನು ಅವನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. “ಏಯ್ ಎರಡು, ನಿದ್ದೆ ಮಾಡ್ತಿದೀಯಾ? ಐದು, ಮುಂದಕ್ಕೋಗ್ಬೇಡ!” ಎಂದು ಕೋಟೆ ಮೈದಾನದ ತುಂಬ ಅವನ ಗಂಟಲು. ಒಂದು ಎಂದರೆ ಗೋಲಿ. ಎರಡು, ಮೂರು ಅವನ ಮುಂದೆ ಬಲಕ್ಕೂ ಎಡಕ್ಕೂ ಕಾವಲು ನಿಲ್ಲುವ ಬ್ಯಾಕ್‌ಗಳು. ಐದು ಅವರಿಬ್ಬರ ನಡುವೆ ತಡೆಯುವ ಸ್ಟಾಪರ್. ಏಳು ರೈಟ್ ಔಟ್, ಹನ್ನೊಂದು ಲೆಫ್ಟ್ ಔಟ್. ಇಬ್ಬರೂ ಅಂಚಿನ ಗೆರೆ ಬಿಡದೆ ಓಡಿ, ನಡುವೆ ಕಾಯುತ್ತಿರುವ ಒಂಬತ್ತಕ್ಕೆ ಚೆಂಡು ಒದಗಿಸಬೇಕು. ನಂಬರು ಜಾಗದ್ದು, ಮನುಷ್ಯನದ್ದಲ್ಲ. ಅಂಗಿ ಹೇಳಿದ ಕಡೆ ಮನುಷ್ಯ ನಿಲ್ಲಬೇಕು. ಇದು ಅವನ ವೇದ.

“ಟೀವೀಲಿ ಇಪ್ಪತ್ಮೂರು ಹಾಕ್ಕೊಂಡು ಆಡ್ತಾರೆ ಸಾರ್,” ಎಂದು ಕ್ಯಾಪ್ಟನ್ ರಾಘವ ಒಮ್ಮೆ ಕೆಣಕಿದ್ದ.

“ಅದೇನು ಬಸ್ ನಂಬರ್ರಾ? ನೀನು ಐದು. ಹೋಗಿ ನಿಂತ್ಕೋ.”

ಅಂಗಿ ಒಗೆಯುವುದು ಹನುಮಕ್ಕನ ಪಾಲು. ಅಚ್ಚು ಹಾಕಿಸಿದ ನಂಬರು ನಾಲ್ಕು ಒಗೆತಕ್ಕೆ ಕಿತ್ತುಬರುತ್ತಿದ್ದುದರಿಂದ, ಬಿಳಿ ಬಟ್ಟೆಯಲ್ಲಿ ಅಂಕಿ ಕತ್ತರಿಸಿ ಬೆನ್ನಿಗೆ ಹೊಲಿಯುವುದೂ ಅವಳದೇ. ಬರುಬರುತ್ತ ಬೆರಳ ಗಂಟುಗಳು ಊದಿಕೊಂಡಿದ್ದವು. ತಂಡ ಗೆದ್ದರೂ ಅಷ್ಟೇ ಕೆಸರು, ಸೋತರೂ ಅಷ್ಟೇ ಕೆಸರು. ಆಟದ ಬಗ್ಗೆ ಅವಳು ತಿಳಿದುಕೊಂಡದ್ದು ಇಷ್ಟೇ.

ತೊಂಬತ್ತೇಳರ ಆ ವರ್ಷ ಲೀಗಿನ ಕೊನೆಯ ಪಂದ್ಯಕ್ಕೆ ಕಾರ್ಖಾನೆಯೊಂದರ ತಂಡಕ್ಕೆ ಆಟಗಾರರನ್ನು ಆರಿಸುವವರು ಬರುತ್ತಾರೆ, ಅವರಿಗೆ ಒಬ್ಬ ಲೆಫ್ಟ್ ಔಟ್ ಬೇಕಾಗಿದ್ದಾನೆ ಎಂದು ಸುದ್ದಿಯಾಯಿತು. ಆರಿಸಿದರೆ ಕಾರ್ಖಾನೆಯಲ್ಲಿ ಖಾಯಂ ಕೆಲಸ. ಹನುಮಕ್ಕನ ತಮ್ಮನ ಮಗ ಮಂಜುನಾಥ ಕಾಲೇಜಿನಲ್ಲಿ ಲೆಫ್ಟ್ ಔಟ್ ಆಗಿಯೇ ಆಡಿದವನು. ಕೆಲಸವಿಲ್ಲ. ಇನ್ನೆರಡು ತಿಂಗಳಿಗೆ ಕೆಲಸಕ್ಕೆ ಸೇರುವ ವಯಸ್ಸಿನ ಮಿತಿ ದಾಟುತ್ತದೆ. ಆದರೆ ಮೈಕಟ್ಟು ಗಟ್ಟಿಯೆಂದು ದೊಡ್ಡಬೈರಪ್ಪ ಅವನನ್ನು ಎರಡು ವರ್ಷದಿಂದ ಹಿಂದೆ ಮೂರರಲ್ಲಿ ನಿಲ್ಲಿಸಿದ್ದ. ಹನ್ನೊಂದರಲ್ಲಿ ಕಡ್ಡಿಯಂಥ ರಾಮಾನುಜ ಓಡುತ್ತಿದ್ದ.

“ಏನ್ರೀ, ಒಂದೇ ಒಂದು ಮ್ಯಾಚ್ ಮಂಜನ್ನ ಹನ್ನೊಂದಕ್ಕೆ ಹಾಕಿ,” ಎಂದಳು ಹನುಮಕ್ಕ.

“ನೆಂಟರಿಗೆ ಜಾಗ ಹಂಚೋಕೆ ಇದೇನು ನ್ಯಾಯಬೆಲೆ ಅಂಗಡೀನಾ? ಮೂರು ಬಿಟ್ಟು ಅವನು ಬಂದ್ರೆ ಎಡಗಡೆ ಕಾಯೋರ್ಯಾರು? ಈ ಮ್ಯಾಚ್ ಸೋತ್ರೆ ಕೆಳಗಿನ ಡಿವಿಷನ್ನಿಗೆ ಬೀಳ್ತೀವಿ. ಸುಮ್ನಿರು.”

ಶನಿವಾರ ಮಧ್ಯಾಹ್ನ ಅವನು ಕಚೇರಿಯಲ್ಲಿದ್ದಾಗ ಹನುಮಕ್ಕ ಒಣಗಿದ ಅಂಗಿಗಳನ್ನು ತಂದು ಮಡಿಲಿಗೆ ಹಾಕಿಕೊಂಡಳು. ಅಂಗಿ ಹೇಳಿದ ಕಡೆ ಮನುಷ್ಯ ನಿಲ್ಲಬೇಕಾದರೆ ಅಂಗಿಯೇ ಬೇರೆ ಹೇಳಲಿ. ಮಂಜುನಾಥನ ಅಗಲವಾದ ಅಂಗಿಯಿಂದ ಮೂರನ್ನು ಬಿಚ್ಚಿದಳು; ರಾಮಾನುಜನ ಪುಟ್ಟ ಅಂಗಿಯಿಂದ ಹನ್ನೊಂದನ್ನು. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹೊಲಿದಳು. ಭಾನುವಾರ, ಎಂದೂ ಇಲ್ಲದವಳು, ತಾನೂ ಬರುತ್ತೇನೆಂದು ಸ್ಟೇಡಿಯಂಗೆ ಹೊರಟಳು.

ಗುಟ್ಟು ಅಂಗಿ ತೊಟ್ಟ ಕೂಡಲೇ ಹೊರಬಿತ್ತು. “ಸಾರ್, ಇಲ್ನೋಡಿ! ನಮ್ಮ ಅಯ್ಯಂಗಾರ್ರು ಮೂರಾಗಿದಾರೆ!” ಎಂದು ರಾಘವ ರಾಮಾನುಜನ ಬೆನ್ನು ತೋರಿಸಿ ನಕ್ಕ. ದೊಡ್ಡಬೈರಪ್ಪ ಮಂಜುನಾಥನನ್ನು ಹಿಂದಕ್ಕೆ ತಿರುಗಿಸಿ, ಬೆನ್ನ ಮೇಲಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. ತಲೆಯೆತ್ತಿ, ಗ್ಯಾಲರಿಯಲ್ಲಿ ಒಬ್ಬಳೇ ಕೂತಿದ್ದ ಹೆಂಡತಿಯನ್ನು ನೋಡಿದ. ಮಂಜುನಾಥ ಕಂಗಾಲಾಗಿ, “ಮಾವ, ನಂಗೇನೂ ಗೊತ್ತಿಲ್ಲ,” ಎಂದ.

ಅಂಗಿ ಅದಲುಬದಲು ಮಾಡಿಸಲು ಬರುವಂತಿರಲಿಲ್ಲ; ರಾಮಾನುಜನ ಅಂಗಿ ಮಂಜುನಾಥನ ಭುಜ ದಾಟುತ್ತಿರಲಿಲ್ಲ. ಹನ್ನೊಂದು ತೊಟ್ಟವನನ್ನು ಮೂರರ ಜಾಗದಲ್ಲಿ ನಿಲ್ಲಿಸುವುದು ದೊಡ್ಡಬೈರಪ್ಪನಿಂದ ಆಗುವ ಮಾತಲ್ಲ. ರೆಫರಿಗೆ ಕೊಡಬೇಕಾದ ಪಟ್ಟಿಯಲ್ಲಿ ಎರಡು ಹೆಸರು ಹೊಡೆದುಹಾಕಿ ತಿರುಗಿಸಿ ಬರೆದ. ಮನೆಗೆ ಹೋದಮೇಲೆ ತನಗಿದೆ ಎಂದುಕೊಂಡಳು ಹನುಮಕ್ಕ. ಅವನು ಸೋತದ್ದು ತನಗಲ್ಲ, ನಂಬರಿಗೆ ಎಂಬುದೂ ಅವಳಿಗೆ ತಿಳಿದಿತ್ತು.

ಮಂಜುನಾಥ ಎಡಗಡೆಯ ಗೆರೆ ಹಿಡಿದು ಹಸಿದವನಂತೆ ಓಡಿದ. ಒಂದು ಗೋಲು ಅವನು ಒದಗಿಸಿದ ಚೆಂಡಿನಿಂದಲೇ ಬಂತು. ಎದುರಾಳಿಗಳ ನಾಲ್ಕು ಗೋಲುಗಳೂ ರಾಮಾನುಜ ಕಾಯುತ್ತಿದ್ದ ಕಡೆಯಿಂದಲೇ ಬಂದವು. ಒಂದೆರಡು ಸಲ ಅವನು ಬಿದ್ದಲ್ಲಿಂದ ಏಳುವುದಕ್ಕೇ ಹೊತ್ತಾಯಿತು. ಪಂದ್ಯ ಮುಗಿದಾಗ ತಂಡ ಕೆಳಗಿನ ಡಿವಿಷನ್ನಿಗೆ ಬಿದ್ದಿತ್ತು. ಕಾರ್ಖಾನೆಯವರು ಮಂಜುನಾಥನನ್ನು ಕರೆದು ವಿಳಾಸ ಬರೆದುಕೊಂಡು, ಬುಧವಾರ ಸರ್ಟಿಫಿಕೇಟ್ ತಗೊಂಡು ಬಾ ಎಂದರು.

ಹನುಮಕ್ಕ ಗ್ಯಾಲರಿಯಿಂದ ಇಳಿದು ಬಂದಾಗ ಹುಡುಗರು ನೆಲದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು. ರಾಘವನಿಗೆ ತಡೆಯಲಾಗಲಿಲ್ಲ.

“ಆರು ವರ್ಷ ಒದ್ದಾಡಿ ಮೇಲೆ ಬಂದಿದ್ವಿ ಸಾರ್. ಯಾರ್ ಸಾರ್ ಈ ನಂಬರ್ ಬದಲಾಯಿಸಿದ್ದು? ಒಂದ್ಸಲ ಹೇಳ್ಬಿಡಿ, ಯಾರು?”

ಹನುಮಕ್ಕ ಬಾಯಿ ತೆರೆದಳು. ದೊಡ್ಡಬೈರಪ್ಪ ಅವಳ ಕಡೆ ತಿರುಗಲಿಲ್ಲ. ಕೆಸರು ಮೆತ್ತಿದ ಚೆಂಡನ್ನು ಒರೆಸುತ್ತ ಹೇಳಿದ:

“ನಾನೇ ಕಣೋ ರಾಘವ, ಹೇಳಿ ಹೊಲಿಸ್ದೆ. ತಪ್ಪು ನಂದು.”