ಅಳೆಯದೆ ಹೇಳದ ಕಿವಿಯಕ್ಕ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನಾನು ಆರು ವರ್ಷದವಳು, ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪನ ಮೇಜಿನ ಕೆಳಗೆ ಕುಳಿತವಳು. ಬೆಳಗಿನ ಆರು ಗಂಟೆಗೆ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲೂ ಅದೇ ವಾಸನೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಬಾಗಿಲು ತಳ್ಳಿದರೆ, ಮೂವತ್ತಮೂರರ ಹೆಣ್ಣುಮಗಳೊಬ್ಬರು ಪುಟ್ಟ ಯಂತ್ರವೊಂದಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಅಳೆದು ಹನಿಸುವ ಪಂಪು ಅದು.

"ಮೋಟಾರು ಎಡವುತ್ತಿದೆ," ಅನ್ನುತ್ತಾರೆ. ನಮಸ್ಕಾರ, ಕ್ಷೇಮಸಮಾಚಾರ ಯಾವುದೂ ಇಲ್ಲ. ಆದರೆ ಮೆಟ್ಟಿಲಿಳಿದು ನೋಯುತ್ತಿದ್ದ ನನ್ನ ಮೊಣಕಾಲನ್ನು ಒಮ್ಮೆ ನೋಡಿ, ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ನನ್ನತ್ತ ಸರಿಸುತ್ತಾರೆ.

ನರ್ಸುಗಳು ಇವರನ್ನು ಕರೆಯುವುದು ಕಿವಿಯಕ್ಕ ಎಂದು. ಬೇಸರವಿಲ್ಲವೇ ಎಂದರೆ, "ಕಿವಿ ಇದೆ, ಅಕ್ಕನ ವಯಸ್ಸೂ ಇದೆ. ತಪ್ಪೇನಿದೆ ಅಮ್ಮ?"

ದಿನಕ್ಕೆ ಹದಿನೆಂಟು ಯಂತ್ರಗಳು ಇವರ ಕೈದಾಟಿ ವಾರ್ಡುಗಳಿಗೆ ಹೋಗುತ್ತವೆ. ಒಂದು ವರ್ಷದಲ್ಲಿ ಅದೇ ದೂರಿನೊಂದಿಗೆ ವಾಪಸು ಬಂದವು ನಾಲ್ಕೇ ನಾಲ್ಕು. "ಆ ನಾಲ್ಕರ ನಂಬರ್ ಹೇಳ್ಲಾ?" ಎಂದು ಕೇಳಿದವರು ನಾನು ಉತ್ತರಿಸುವ ಮೊದಲೇ ಹೇಳಿ ಮುಗಿಸುತ್ತಾರೆ.

ಶಾಲೆಯಲ್ಲಿ ಇವರಿಗೆ ಸಿಕ್ಕ ಹೆಸರು ಮೊಂಡು. ಇದು ಆಟಿಸಂ ಎಂದು ವೈದ್ಯರು ಹೇಳಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ಬಂದರೂ ಸಂದರ್ಶನಗಳಲ್ಲಿ ಮುಗ್ಗರಿಸಿದರು. "ನಿಮ್ಮ ಬಗ್ಗೆ ಹೇಳಿ" ಎಂದವರಿಗೆ ಮೋಟಾರಿನ ಬಗ್ಗೆ ನಲವತ್ತು ನಿಮಿಷ ಹೇಳಿದ್ದೂ ಉಂಟು. "ಏಳು ಕಡೆ ಬೇಡ ಅಂದ್ರು. ಪ್ರತಿ ಸಲ ಬಂದು ನಮ್ಮನೆ ಮಿಕ್ಸಿ ಬಿಚ್ಚೋಳು. ಮಿಕ್ಸಿ ಮಾತ್ರ ಇವಳನ್ನ ಬೇಡ ಅನ್ನಲಿಲ್ಲ," ಎಂದು ಇವರ ತಾಯಿ ಫೋನಿನಲ್ಲಿ ನಗುತ್ತಾರೆ.

ಇಲ್ಲಿ ಕೆಲಸ ಸಿಕ್ಕಿದ್ದು ಒಂದು ವರ್ಷದ ಪರೀಕ್ಷಾ ಅವಧಿಗೆ. ಅದು ಮುಗಿಯುವುದು ಇಂದೇ. ಮೂವರ ಸಮಿತಿ ಒಪ್ಪಿದರೆ ಕೆಲಸ ಕಾಯಂ. ಒಪ್ಪದಿದ್ದರೆ ಸಂಜೆ ಈ ಕೋಣೆಯ ಬೀಗದ ಕೈ ಒಪ್ಪಿಸಿ ಹೋಗಬೇಕು.

ಬಾಗಿಲ ಮೇಲೊಂದು ಚೀಟಿ ಇದೆ: "ಬಾಯಲ್ಲಿ ಹೇಳಬೇಡಿ. ಏನಾಯಿತು, ಯಾವಾಗ ಆಯಿತು, ಎಂಥ ಸದ್ದು ಬಂತು, ಬರೆದುಕೊಡಿ." ಮೊದಮೊದಲು ಎಲ್ಲರೂ ಮೂಗು ಮುರಿದರಂತೆ. ಒಮ್ಮೆ ಮಕ್ಕಳ ವಾರ್ಡಿನ ಸಿಸ್ಟರ್ ಒಂದೇ ಪಂಪನ್ನು ಮೂರು ಸಲ ಕಳಿಸಿದಾಗ ಕಿವಿಯಕ್ಕ ಬರೆದ ಉತ್ತರ: "ಯಂತ್ರದಲ್ಲಿ ದೋಷವಿಲ್ಲ. ಬಳಸುವವರಿಗೆ ಇದನ್ನು ಕಂಡರೆ ಭಯ."

"ಬೆಂಕಿಯಾಗಿ ಬಂದಿದ್ದೆ ನಾನು," ಎನ್ನುತ್ತಾರೆ ಆ ಸಿಸ್ಟರ್. "ಇವ್ರು ಸ್ಟೂಲ್ ಎಳೆದು, 'ಭಯ ಹೋಗೋವರೆಗೂ ತೋರಿಸ್ತೀನಿ' ಅಂದ್ರು. ಹನ್ನೊಂದು ಸಲ ತೋರಿಸಿದ್ರು. ಒಂದು ಸಲಾನೂ ಮುಖ ಸಿಂಡರಿಸಲಿಲ್ಲ. ಈ ಆಸ್ಪತ್ರೇಲಿ ಹಿತ್ತಾಳೆ ಕಿವಿಯವರು ಬೇಕಾದಷ್ಟಿದ್ದಾರೆ, ಚಿನ್ನದ ಕಿವಿ ಇವರೊಬ್ಬರದೇ!"

ಹತ್ತು ಗಂಟೆಗೆ ಸಮಿತಿ ಕೆಳಗಿಳಿದು ಬರುತ್ತದೆ. ಮಾತಿನ ಸಂದರ್ಶನ ಬೇಡ, ಕೆಲಸ ನೋಡಿ ಎಂದು ವಿಭಾಗದ ಹಿರಿಯ ತಂತ್ರಜ್ಞರು ಮೊದಲೇ ಕೇಳಿಕೊಂಡಿದ್ದಾರೆ. ಮೇಜಿನ ಮೇಲೆ ಮೂರು ಪಂಪು. ಒಂದನ್ನು ಬೇಕೆಂದೇ ಕೆಡಿಸಿದ್ದಾರೆ. ಅದು ಯಾವುದೆಂದು ಹತ್ತು ನಿಮಿಷದಲ್ಲಿ ಹೇಳಬೇಕು.

"ಎರಡನೇದು," ಎಂದು ಮೂರೇ ನಿಮಿಷದಲ್ಲಿ ಹೇಳುತ್ತಾರೆ ಕಿವಿಯಕ್ಕ. ಉತ್ತರ ಸರಿ. ಸಮಿತಿಯವರೊಬ್ಬರು ಪೆನ್ನು ಚಾಚುತ್ತಾರೆ. "ಉಳಿದೆರಡು ಸರಿ ಇವೆ ಅಂತ ಸಹಿ ಹಾಕಿಬಿಡಿ."

"ಹಾಕಲ್ಲ."

"ಯಾಕಮ್ಮಾ?"

"ಮೂರನೇದರ ಸದ್ದು ನನಗೆ ಒಪ್ಪಿಗೆಯಿಲ್ಲ. ಅಳೀಬೇಕು. ಒಂದು ಗಂಟೆ ಬೇಕು."

"ಅದು ವಾರ್ಡಿನಿಂದ ತಂದಿರೋ ಒಳ್ಳೇ ಪಂಪು. ನನಗೆ ಹತ್ತೂವರೆಗೆ ಮೀಟಿಂಗ್ ಇದೆ!"

"ನೀವು ಹೋಗಿ ಬನ್ನಿ. ನಾನು ಅಳೀತಿರ್ತೀನಿ."

ಹಿರಿಯ ತಂತ್ರಜ್ಞರು ಗೋಡೆ ಕಡೆ ತಿರುಗಿ ನಿಲ್ಲುತ್ತಾರೆ. ಕಿವಿಯಕ್ಕ ಮಾತ್ರ ಗಾಜಿನ ಅಳತೆಗೊಳವೆ ಹಚ್ಚಿ, ಗಡಿಯಾರ ಒತ್ತಿ ಕೂತರು. ಮೀಟಿಂಗ್ ಇದೆ ಎಂದವರೂ ಹೊರಟು ಹೋಗಲಿಲ್ಲ. ಒಂದು ಗಂಟೆಯ ಬಳಿಕ ಎಲ್ಲರೂ ಬಗ್ಗಿ ನೋಡುತ್ತಾರೆ: ಹತ್ತು ಮಿಲಿಲೀಟರ್ ಇರಬೇಕಾದಲ್ಲಿ ಒಂಬತ್ತು. ಮೊನ್ನೆಯವರೆಗೆ ರೋಗಿಯ ಮಂಚದ ಪಕ್ಕ ಓಡುತ್ತಿದ್ದ ಪಂಪು ಅದು.

ಮೀಟಿಂಗಿನವರೇ ಮೊದಲು ಕಾಯಂ ಆದೇಶಕ್ಕೆ ಸಹಿ ಹಾಕಿದರು.

"ಜಾದು ಗೀದು ಅಂತ ಬರೀಬೇಡಿ," ಎಂದು ಹಿರಿಯರು ಕಣ್ಣೊರೆಸಿಕೊಂಡು ನನ್ನನ್ನು ಎಚ್ಚರಿಸುತ್ತಾರೆ. "ನಾವೆಲ್ಲ ಸಾಕು ಅಂತ ಕೈಬಿಡೋ ಜಾಗದಲ್ಲಿ ಅವಳು ಬಿಡಲ್ಲ. ಅಷ್ಟೇ."

ಈಗೇನು ಆಸೆ ಎಂದು ಕೇಳಿದೆ. ಕಿವಿಯಕ್ಕ ಚಾವಣಿ ನೋಡಿದರು. "ಆ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತೆ. ಬದಲಾಯಿಸಿದ್ರೆ ಸಾಕು."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿ ಸಂಭ್ರಮ ಪಡುತ್ತಿದ್ದಾರೆ. ಆ ಗದ್ದಲಕ್ಕೆ ಕಿವಿಯಕ್ಕ ಹೋಗಿಲ್ಲ. ಹೋಗಲೇಬೇಕೆಂದು ಯಾರೂ ಎಳೆದಾಡಲೂ ಇಲ್ಲ. ನೆಲಮಾಳಿಗೆಯ ಬಾಗಿಲು ಸದ್ದಿಲ್ಲದೆ ತೆರೆಯುತ್ತದೆ. ಮಕ್ಕಳ ವಾರ್ಡಿನ ಸಿಸ್ಟರ್ ತಟ್ಟೆ ಹಿಡಿದು ನಿಂತಿದ್ದಾರೆ: ಅನ್ನ, ಪಲ್ಯ, ಮೊಸರು, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಬಟ್ಟಲಲ್ಲಿ. ಅದನ್ನು ಕಿವಿಯಕ್ಕನ ಕೈಗಿತ್ತು, ಮಾತಿಲ್ಲದೆ ಬಾಗಿಲೆಳೆದುಕೊಂಡು ಹೋಗುತ್ತಾರೆ.